ಕೈಗುಣ, ಕೈತಪ್ಪು

ಕನ್ನಡದಲ್ಲಿ ‘ಕೈಗುಣ’ ಎಂಬ ಸೊಗಸಾದ ಮಾತೊಂದಿದೆ. ವೈದ್ಯರು ಓದಿದ್ದೆಲ್ಲಿ, ಪಡೆದ ಪದವಿ ಯಾವುದು ಎಂದು ನಮ್ಮ ಹಿರಿಯರು ವಿಚಾರಿಸುತ್ತಿರಲಿಲ್ಲ. ‘ಅವರ ಕೈಗುಣ ಚೆನ್ನಾಗಿದೆ’ ಎಂದು ನಾಲ್ಕು ಜನ ಹೇಳಿದರೆ ಸಾಕು, ಹರದಾರಿ ನಡೆದು ಹೋಗಿ ಔಷಧಿ ತರುತ್ತಿದ್ದರು. ರೋಗ ವಾಸಿಯಾಯಿತೋ, ಅದು ವೈದ್ಯರ ಕೈಯ ಗುಣ. ವಾಸಿಯಾಗದೆ ಹೋಯಿತೋ, ಆಗ ಕೈಯನ್ನು ಯಾರೂ ದೂರುತ್ತಿರಲಿಲ್ಲ. ದೂರೆಲ್ಲವೂ ರೋಗಿಯ ಹಣೆಗೆ. ‘ಹಣೆಬರಹ’ ಎಂಬ ಇನ್ನೊಂದು ಮಾತು ಅದಕ್ಕೆಂದೇ ಸಿದ್ಧವಾಗಿತ್ತು. ಯಶಸ್ಸು ವೈದ್ಯರ ಕೈಗೆ, ಸೋಲು ರೋಗಿಯ ಹಣೆಗೆ ಎಂಬ ಈ ಹಂಚಿಕೆಯಲ್ಲಿ ವಿನಯವಿತ್ತು, ಕೃತಜ್ಞತೆಯಿತ್ತು. ಒಂದಿಷ್ಟು ಅನ್ಯಾಯವೂ ಇತ್ತು.

ಈಚಿನ ದಶಕಗಳಲ್ಲಿ ಆ ನಂಬಿಕೆಯ ಜಾಗದಲ್ಲಿ ಬೇರೊಂದು ಭಾವ ತಲೆಯೆತ್ತಿದೆ. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದೊಡನೆ ಬಂಧುಗಳು ಗುಂಪುಗೂಡುವುದು, ಕಿಟಕಿಯ ಗಾಜು ಪುಡಿಯಾಗುವುದು, ರಾತ್ರಿಪಾಳಿಯ ದಾದಿಯರು ಕೋಣೆಯ ಬಾಗಿಲು ಹಾಕಿಕೊಂಡು ನಡುಗುವುದು, ಇವೆಲ್ಲ ಪತ್ರಿಕೆ ಓದುವವರಿಗೆ ಹೊಸ ಸುದ್ದಿಯಲ್ಲ. ಹಣೆಬರಹವೆಂದು ಸುಮ್ಮನಾಗುವವರೂ ಕಲ್ಲನ್ನು ಕೈಗೆತ್ತಿಕೊಳ್ಳುವವರೂ ಮೇಲ್ನೋಟಕ್ಕೆ ಎದುರುಬದುರಿನವರು. ಆದರೆ ನಿಜವಾಗಿ ನಡೆದದ್ದೇನು ಎಂದು ತಿಳಿಯುವ ಕೆಲಸವನ್ನು ಇಬ್ಬರೂ ಕೈಬಿಟ್ಟಿರುತ್ತಾರೆ. ಚಿಕಿತ್ಸೆಯಲ್ಲಿ ತಪ್ಪಾಯಿತೇನೋ ಎಂಬ ಶಂಕೆ ಮೂಡಿದಾಗ ಗೃಹಸ್ಥರು ಮಾಡಬೇಕಾದುದೇನು ಎಂಬುದೇ ಈ ಹೊತ್ತಿನ ನನ್ನ ವಿಷಯ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಹಳಗನ್ನಡ ಪಾಠ ಹೇಳಿಕೊಂಡು ಬಂದವನು. ಆದರೂ ಈ ವಿಷಯದಲ್ಲಿ ಓದಿನ ಅಭ್ಯಾಸಕ್ಕೂ ಒಂದು ಕೆಲಸವಿದೆ. ಅದನ್ನು ಮುಂದೆ ಹೇಳುತ್ತೇನೆ.

ವೈದ್ಯರನ್ನು ಪ್ರಶ್ನಿಸುವುದು ಪಶ್ಚಿಮದಿಂದ ಬಂದ ಪರಿಪಾಠವೆಂದು ಕೆಲವರು ಭಾವಿಸಿದ್ದಾರೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಅವರು ನೋಡಬೇಕು. ಅದರ ನಾಲ್ಕನೆಯ ಅಧಿಕರಣದಲ್ಲಿ ವೈದ್ಯರ ಮಾತು ಬರುತ್ತದೆ. ಪ್ರಾಣಾಪಾಯವಿರುವ ಚಿಕಿತ್ಸೆಯನ್ನು ಮುಂದಾಗಿ ತಿಳಿಸದೆ ಕೈಗೊಂಡು ರೋಗಿ ಸತ್ತರೆ ವೈದ್ಯನಿಗೆ ಒಂದು ಬಗೆಯ ದಂಡ. ಚಿಕಿತ್ಸೆಯ ದೋಷದಿಂದಲೇ ಸತ್ತರೆ ಅದಕ್ಕಿಂತ ಹೆಚ್ಚಿನ ದಂಡ. ತಿಳಿಸಬೇಕಾದುದನ್ನು ತಿಳಿಸಲಿಲ್ಲ ಎಂಬುದು ಒಂದು ಅಪರಾಧ, ಮಾಡಬೇಕಾದ ಕೆಲಸದಲ್ಲಿ ತಪ್ಪಿದ ಎಂಬುದು ಇನ್ನೊಂದು. ಇಂದಿನ ನ್ಯಾಯಾಲಯಗಳೂ ಬಹುಮಟ್ಟಿಗೆ ಇವೆರಡು ಪ್ರಶ್ನೆಗಳನ್ನೇ ಕೇಳುತ್ತಿವೆ.

ಹಾಗಾದರೆ ತಪ್ಪು ಎಂಬುದು ಯಾವುದು? ಚಿಕಿತ್ಸೆ ಫಲಿಸಲಿಲ್ಲ ಎಂದಮಾತ್ರಕ್ಕೆ ತಪ್ಪಾಯಿತೆಂದು ಅರ್ಥವಲ್ಲ. ರೋಗಿಯನ್ನು ಕೈಗೆ ತೆಗೆದುಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಕೊಡಬೇಕೆಂದು ನಿರ್ಧರಿಸುವಾಗ, ಆ ಚಿಕಿತ್ಸೆಯನ್ನು ಕೊಡುವಾಗ, ಈ ಮೂರು ಹಂತಗಳಲ್ಲಿಯೂ ವೈದ್ಯರಿಗೆ ಎಚ್ಚರಿಕೆಯ ಹೊಣೆಯಿದೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1968ರಲ್ಲಿಯೇ ಹೇಳಿದೆ. ಆ ಹೊಣೆಯನ್ನು ಅಳೆಯುವಾಗ ಅತ್ಯಂತ ಪ್ರತಿಭಾವಂತ ವೈದ್ಯರೊಬ್ಬರನ್ನು ಅಳತೆಗೋಲಾಗಿ ಹಿಡಿಯುವುದಿಲ್ಲ. ಅದೇ ವೃತ್ತಿಯ ಸಾಧಾರಣ ಸಮರ್ಥರೊಬ್ಬರು ಅಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದರು ಎಂದು ಕೇಳುತ್ತಾರೆ. 1957ರ ಒಂದು ಇಂಗ್ಲಿಷ್ ತೀರ್ಪಿನಿಂದ ಬಂದ ಈ ಅಳತೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಮತ್ತೆ ಎತ್ತಿಹಿಡಿಯಿತು.

ಉದಾಹರಣೆಗಳಿಂದ ಈ ಮಾತು ಸ್ಪಷ್ಟವಾದೀತು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಗಳೊಬ್ಬಳ ಹೊಟ್ಟೆಯಲ್ಲಿ ಬಟ್ಟೆಯ ತುಂಡೊಂದು ಉಳಿದುಹೋಯಿತು, ಆಕೆ ತೀರಿಕೊಂಡಳು. ಇಂಥಲ್ಲಿ ಪಂಡಿತರ ವಾದವೇ ಬೇಕಿಲ್ಲ, ವಸ್ತುಸ್ಥಿತಿಯೇ ಮಾತಾಡುತ್ತದೆ. ಇನ್ನೊಂದು ಪ್ರಕರಣದಲ್ಲಿ, ಒಳಗಿನ ತೊಂದರೆ ಏನೆಂದು ನೋಡುವ ಪರೀಕ್ಷೆಗೆ ಮಾತ್ರ ಒಪ್ಪಿದ್ದ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯಿಂದ ರುಜು ಪಡೆದು ಗರ್ಭಕೋಶವನ್ನೇ ತೆಗೆಯಲಾಯಿತು. ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿರಲಿಲ್ಲವಾದ್ದರಿಂದ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು 2008ರಲ್ಲಿ ತೀರ್ಪಾಯಿತು. ಕತ್ತರಿ ಹಿಡಿದ ಕೈ ಎಷ್ಟೇ ಕುಶಲವಾಗಿರಲಿ, ಕೇಳದೆ ಕತ್ತರಿಸಿದ್ದು ತಪ್ಪು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು 2015ರ ಸುಮಾರಿಗೆ, ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು ದೂರು ಹೇಳಿದಾಗ ನಾಡು ಬೆಚ್ಚಿದ್ದನ್ನು ನೆನೆದರೆ, ‘ಒಪ್ಪಿಗೆ’ ಎಂಬ ಮಾತಿನ ತೂಕ ನಮಗೆ ಅರಿವಾಗುತ್ತದೆ.

ಮತ್ತೊಂದು ಬಗೆಯ ಪ್ರಸಂಗವೂ ಉಂಟು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದರು. ಹೊರಗೆ ನಿಂತವರಿಗೆ ಕಂಡದ್ದು ವೈದ್ಯರು. ಸಂದೇಹ ತಿರುಗಿದ್ದು ನರದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಕಡೆಗೆ. ಆ ದ್ರಾವಣದ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ತಪ್ಪು ಕತ್ತರಿಯಲ್ಲಿರಬಹುದು, ಬಾಟಲಿಯಲ್ಲಿರಬಹುದು, ರಾತ್ರಿ ಹೊತ್ತು ಬಾರದೆ ಹೋದ ವೈದ್ಯರಲ್ಲಿರಬಹುದು, ಯಾರಲ್ಲಿಯೂ ಇಲ್ಲದೆಯೂ ಇರಬಹುದು. ಆದ್ದರಿಂದಲೇ ಶಂಕೆ ಹುಟ್ಟಿದ ಗಳಿಗೆಯಲ್ಲಿಯೇ ಇಂಥವರೇ ಅಪರಾಧಿ ಎಂದು ತೀರ್ಮಾನಿಸಬಾರದು.

ಇನ್ನು ಮಾಡಬೇಕಾದ ಕೆಲಸಗಳು. ಎಲ್ಲಕ್ಕೂ ಮೊದಲನೆಯದು ರೋಗಿಯ ಪ್ರಾಣ. ರೋಗಿ ಬದುಕಿರುವಾಗ ವ್ಯಾಜ್ಯದ ಯೋಚನೆ ಹಿಂದಕ್ಕಿರಲಿ. ಮತ್ತೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಒಳ್ಳೆಯ ವೈದ್ಯರು ಅದನ್ನು ತಾವಾಗಿಯೇ ಸೂಚಿಸುತ್ತಾರೆ. ಕೋಪದಿಂದ ಔಷಧಿಯನ್ನು ನಿಲ್ಲಿಸಿಬಿಡುವುದು, ಅಪಾಯ ಸ್ಥಿತಿಯಲ್ಲಿರುವವರನ್ನು ಹಠಮಾಡಿ ಮನೆಗೆ ಕರೆತರುವುದು, ಇವು ನಮ್ಮ ಕೈಯಾರೆ ನಾವು ಮಾಡುವ ಹಾನಿ.

ಎರಡನೆಯದು, ಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳುವುದು. ‘ಏನಾಯಿತು, ಏಕಾಯಿತು, ಮುಂದೇನು?’ ಎಂದು ಮನೆಯವರಲ್ಲಿ ಒಬ್ಬರೋ ಇಬ್ಬರೋ ಶಾಂತವಾಗಿ ಕುಳಿತು ಕೇಳಬೇಕು. ಹತ್ತು ಜನ ಸುತ್ತುವರಿದು ಕೇಳಿದರೆ ಯಾವ ವೈದ್ಯರೂ ಬಾಯಿ ಬಿಡಲಾರರು. ಎಷ್ಟೋ ಶಂಕೆಗಳು ಈ ಮಾತುಕತೆಯಲ್ಲಿಯೇ ಕರಗುತ್ತವೆ. ಕರಗದಿದ್ದರೂ ನಷ್ಟವಿಲ್ಲ, ಅವರು ಹೇಳಿದ್ದನ್ನು ಅದೇ ದಿನ ತಾರೀಖು, ಹೊತ್ತು ಸಹಿತ ಬರೆದಿಟ್ಟುಕೊಳ್ಳಬೇಕು. ಯಾವ ದಿನ ಸೇರಿಸಿದೆವು, ಯಾರು ಬಂದು ನೋಡಿದರು, ಜ್ವರ ಯಾವಾಗ ಏರಿತು, ಕರೆದಾಗ ಯಾರು ಬರಲಿಲ್ಲ ಎಂಬುದನ್ನೆಲ್ಲ ಮನೆಯ ಮಗಳೋ ಮಗನೋ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಎರಡು ವರ್ಷದ ಮೇಲೆ ನೆನಪು ಕೈಕೊಟ್ಟಾಗ ಆ ಪುಸ್ತಕ ಕೈಹಿಡಿಯುತ್ತದೆ.

ಮೂರನೆಯದು ಕಾಗದಪತ್ರ. ಇಲ್ಲಿ ಬಹುಮಂದಿ ತಿಳಿಯದ ನಿಯಮವೊಂದಿದೆ. ವೈದ್ಯರ ವೃತ್ತಿನಡತೆಯನ್ನು ಕುರಿತ 2002ರ ನಿಯಮಾವಳಿಯಂತೆ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ ರೋಗಿಯ ಪರವಾಗಿ ಅಧಿಕಾರ ಪಡೆದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಕೈಗೆ ಸಿಕ್ಕುವ ಡಿಸ್‌ಚಾರ್ಜ್ ಸಮ್ಮರಿಯೊಂದೇ ಸಾಲದು. ಕೇಸ್ ಷೀಟು, ದಾದಿಯರು ಹೊತ್ತುಹೊತ್ತಿಗೆ ಬರೆಯುವ ಪಟ್ಟಿ, ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆಯ ಮತ್ತು ಅರಿವಳಿಕೆಯ ಟಿಪ್ಪಣಿ, ರಕ್ತಪರೀಕ್ಷೆಯ ವರದಿ, ಸ್ಕ್ಯಾನಿಂಗ್ ಮತ್ತು ಎಕ್ಸ್-ರೇ ಚಿತ್ರ, ಬಿಲ್ಲು, ಇಷ್ಟನ್ನೂ ಹೆಸರಿಸಿ ಲಿಖಿತವಾಗಿ ಕೇಳಬೇಕು. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು; ಹಾಕಲು ಒಪ್ಪದಿದ್ದರೆ ಅಂಚೆಯ ಮೂಲಕ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಬೇಕು. ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯೂ ನೆರವಿಗಿದೆ.

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. ರೋಗಿ ತೀರಿಕೊಂಡಿದ್ದು, ಸಾವಿನ ಕಾರಣದಲ್ಲಿ ಶಂಕೆಯಿದ್ದರೆ, ಮರಣೋತ್ತರ ಪರೀಕ್ಷೆಯ ನಿರ್ಧಾರ ಕೆಲವೇ ಗಂಟೆಗಳಲ್ಲಿ ಆಗಬೇಕು. ‘ಹೋದವರ ದೇಹವನ್ನು ಕೊಯ್ಯಿಸುವುದೇ?’ ಎಂದು ಮನಸ್ಸು ಹಿಂಜರಿಯುವುದು ಸಹಜ. ಆದರೆ ಚಿತೆ ಆರಿದ ಮೇಲೆ ಮೂಡುವ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಾಕ್ಷಿ ಉಳಿದಿರುವುದಿಲ್ಲ. ಪೊಲೀಸರಿಗೆ ಲಿಖಿತವಾಗಿ ತಿಳಿಸಿ ಪರೀಕ್ಷೆಯನ್ನು ಕೋರಬಹುದು. ಆ ವರದಿ ಎಷ್ಟೋ ಸಲ ವೈದ್ಯರನ್ನು ಕಳಂಕದಿಂದ ಪಾರುಮಾಡಿಯೂ ಇದೆ.

ಓದಿನ ಅಭ್ಯಾಸಕ್ಕೂ ಇಲ್ಲಿ ಕೆಲಸವಿದೆ ಎಂದೆನಲ್ಲ, ಅದನ್ನೀಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ತಾಲ್ಲೂಕು ಊರೊಂದರಲ್ಲಿ ಉಪಾಧ್ಯಾಯನಾಗಿರುವವನು, ಕೈಚೀಲದ ತುಂಬ ಕಾಗದ ತುಂಬಿಕೊಂಡು ಮನೆಗೆ ಬಂದ. ಅವನ ತಾಯಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಗಿ, ಮನೆಗೆ ಬಂದ ಮೂರನೆಯ ದಿನವೇ ಮೈಯೆಲ್ಲ ಹಳದಿಯಾಗಿ, ಬೇರೆ ಊರಿನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿ ಬಂದಿತ್ತು. ‘ಸರ್, ಆ ಡಾಕ್ಟರನ್ನ ಜೈಲಿಗೆ ಕಳಿಸೋದು ಹೇಗೆ, ಹೇಳಿ’ ಎಂದ. ‘ಮೊದಲು ಓದೋಣ ಕೂತ್ಕೊಳಪ್ಪ’ ಎಂದೆ.

ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ ಗುರುತಿಸುವಂತೆ ಆ ಕಾಗದಗಳನ್ನು ಸಾಲಾಗಿ ಹರಡಿಕೊಂಡೆವು. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ರೋಗಿಗೆ ಜ್ವರವಿಲ್ಲ ಎಂದಿತ್ತು. ದಾದಿಯರ ಪಟ್ಟಿಯಲ್ಲಿ, ಮನೆಗೆ ಕಳುಹಿಸುವ ಹಿಂದಿನ ಎರಡು ಸಂಜೆಯೂ ಜ್ವರವಿದ್ದ ಲೆಕ್ಕವಿತ್ತು. ಕಣ್ಣು ಹಳದಿಯಾಗಿದೆ ಎಂದು ಯಾರೋ ಪುಣ್ಯವಂತೆ ದಾದಿ ಒಂದು ಸಾಲು ಬರೆದಿಟ್ಟಿದ್ದಳು. ಆ ಬಳಿಕ ಯಾವ ರಕ್ತಪರೀಕ್ಷೆಯೂ ನಡೆದಂತೆ ಕಾಣಲಿಲ್ಲ. ಪರಸ್ಥಳದ ಹಿರಿಯ ಶಸ್ತ್ರವೈದ್ಯರೊಬ್ಬರಿಗೆ ಇದೆಲ್ಲವನ್ನೂ ತೋರಿಸಿದಾಗ ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. ಪಿತ್ತನಾಳಕ್ಕೆ ಪೆಟ್ಟಾಗುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಬಲ್ಲವರ ಕೈಯಲ್ಲಿಯೂ ಒಮ್ಮೊಮ್ಮೆ ಸಂಭವಿಸುತ್ತದೆ, ಅದನ್ನೇ ಅಪರಾಧವೆನ್ನಲಾಗದು. ಆದರೆ ಜ್ವರ, ಕಾಮಾಲೆ ಕಂಡೂ ಪರೀಕ್ಷೆ ಮಾಡದೆ ಮನೆಗೆ ಕಳುಹಿಸಿದ್ದನ್ನು ಸಮರ್ಥಿಸಲಾರೆ ಎಂದರು. ಹುಡುಗನ ಪ್ರಶ್ನೆ ಅಲ್ಲಿಗೆ ಬೇರೆಯಾಯಿತು. ಅವನು ಜೈಲಿನ ಮಾತು ಬಿಟ್ಟು, ಆ ಎರಡು ಸಂಜೆಗಳ ಲೆಕ್ಕವನ್ನು ಹಿಡಿದುಕೊಂಡು ಗ್ರಾಹಕ ಆಯೋಗಕ್ಕೆ ಹೋದ. ಎರಡೂವರೆ ವರ್ಷದ ಮೇಲೆ ಎರಡನೆಯ ಚಿಕಿತ್ಸೆಯ ಖರ್ಚೂ ಅಷ್ಟಿಷ್ಟು ಪರಿಹಾರವೂ ಬಂದವು. ತಾಯಿ ಗುಣವಾಗಿದ್ದಾರೆ. ಮೊದಲ ದಿನ ಬಂಧುಗಳ ಮಾತು ಕೇಳಿ ಆಸ್ಪತ್ರೆಯ ಮೇಲೆ ಏರಿಹೋಗಿದ್ದರೆ ದಾದಿಯ ಆ ಒಂದು ಸಾಲು ಅವನ ಕೈಗೆ ಬರುತ್ತಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕಾಗದ ಕೈಗೆ ಬಂದ ಮೇಲೆ ತಟ್ಟಬಹುದಾದ ಬಾಗಿಲುಗಳು ಹಲವು. ಯಾವ ಬಾಗಿಲಲ್ಲಿ ಏನು ದೊರೆಯುತ್ತದೆ ಎಂಬುದನ್ನು ತಿಳಿದು ಹೋಗುವುದು ಲೇಸು.

ವೈದ್ಯರ ನಡತೆಯನ್ನು ವಿಚಾರಿಸುವ ಸಂಸ್ಥೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತು. ತಪ್ಪು ಸಿದ್ಧವಾದರೆ ಎಚ್ಚರಿಕೆ ಕೊಡುವ, ನೋಂದಣಿ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಅದಕ್ಕಿದೆ. ಹಣದ ಪರಿಹಾರ ಕೊಡಿಸುವ ಅಧಿಕಾರವಿಲ್ಲ. ದಂತವೈದ್ಯರಿಗೂ ಆಯುರ್ವೇದ, ಹೋಮಿಯೋಪಥಿ ವೈದ್ಯರಿಗೂ ಬೇರೆ ಬೇರೆ ಮಂಡಲಿಗಳಿವೆ. ತಾನು ಕಲಿಯದ ಪದ್ಧತಿಯ ಔಷಧಿ ಕೊಡುವುದೇ ನಿರ್ಲಕ್ಷ್ಯವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದನ್ನೂ ಇಲ್ಲಿ ನೆನೆಯಬಹುದು. ಖಾಸಗಿ ಆಸ್ಪತ್ರೆಯ ದರ, ಬಿಲ್ಲು, ಸೌಲಭ್ಯಗಳ ದೂರಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ.

ಪರಿಹಾರ ಬೇಕಾದವರಿಗೆ ಜಿಲ್ಲಾ ಗ್ರಾಹಕ ಆಯೋಗವೇ ಹತ್ತಿರದ ಬಾಗಿಲು. ಹಣ ಪಡೆದು ಕೊಡುವ ಚಿಕಿತ್ಸೆಯೂ ಸೇವೆಯೇ ಎಂದು 1995ರಲ್ಲಿ ತೀರ್ಪಾಗಿದೆ. 2019ರ ಹೊಸ ಕಾಯಿದೆಯಲ್ಲಿಯೂ ಅದು ಮುಂದುವರಿದಿದೆ. ಬಿಲ್ಲನ್ನು ವಿಮಾ ಸಂಸ್ಥೆ ತೆತ್ತಿದ್ದರೂ ಹಕ್ಕು ಹೋಗುವುದಿಲ್ಲ. ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಕೀಲರಿಲ್ಲದೆ ತಾನೇ ನಿಂತು ವಾದಿಸಬಹುದು. ಚಿಕಿತ್ಸೆಗೆ ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆದರೆ ಕಾಲಮಿತಿಯಿದೆ: ದೂರಿನ ಕಾರಣ ಹುಟ್ಟಿದಂದಿನಿಂದ 2 ವರ್ಷ. ಎಲ್ಲ ಪ್ರಕರಣಕ್ಕೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದು 2010ರಲ್ಲಿ ಹೇಳಲಾಗಿದ್ದರೂ, ವಸ್ತುಸ್ಥಿತಿಯೇ ಮಾತಾಡದ ಕಡೆಗಳಲ್ಲಿ ಅನುಭವಿ ವೈದ್ಯರೊಬ್ಬರ ಲಿಖಿತ ಅಭಿಪ್ರಾಯವಿಲ್ಲದೆ ಗೆಲ್ಲುವುದು ಕಷ್ಟ.

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗಳು ಗ್ರಾಹಕ ಕಾಯಿದೆಯ ಹೊರಗಿವೆ. ಹಾಗೆಂದು ಬಡವರು ನಿರಾಶ್ರಯರಲ್ಲ. ನಾನು ಮೊದಲು ಹೇಳಿದ ಔರಂಗಾಬಾದಿನ ಪ್ರಕರಣ ಸಿವಿಲ್ ನ್ಯಾಯಾಲಯದ ದಾರಿಯಲ್ಲಿಯೇ ಸಾಗಿ, ಸರ್ಕಾರವೇ ಹೊಣೆಯೆಂದು 1996ರಲ್ಲಿ ಇತ್ಯರ್ಥವಾಯಿತು. 1963ರಿಂದ 1996ರ ತನಕ, ಮೂವತ್ತಮೂರು ವರ್ಷ! ಈ ವಿಳಂಬವನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ. 1998ರಲ್ಲಿ ಪತ್ನಿಯನ್ನು ಕಳೆದುಕೊಂಡು ಕೊಲ್ಕತ್ತದ ಆಸ್ಪತ್ರೆಯ ವಿರುದ್ಧ ಹೋರಾಡಿದವರೊಬ್ಬರಿಗೆ, ಸ್ವತಃ ವೈದ್ಯರಾಗಿದ್ದವರಿಗೆ, ಸುಮಾರು 6 ಕೋಟಿ ರೂಪಾಯಿಯ ಪರಿಹಾರ ದೊರೆತದ್ದು 2013ರಲ್ಲಿ. ನ್ಯಾಯದ ಈ ದಾರಿಯನ್ನು ಹಿಡಿಯುವವರು ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಆ ಬುತ್ತಿಗೆ ಸರ್ಕಾರದ ಕೈಯೂ ಸೇರುತ್ತದೆ: ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ 1987ರ ಕಾಯಿದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವುಂಟು.

ಪೊಲೀಸು ಠಾಣೆಯ ಬಾಗಿಲನ್ನು ಕೊನೆಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ಸಾಮಾನ್ಯ ತಪ್ಪಿಗೂ ಘೋರ ನಿರ್ಲಕ್ಷ್ಯಕ್ಕೂ ಅಂತರವಿದೆ. ಘೋರವಾದುದು ಮಾತ್ರ ಅಪರಾಧ. ಸ್ವತಂತ್ರ ವೈದ್ಯರೊಬ್ಬರ, ಸಾಧ್ಯವಾದಷ್ಟೂ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯದೆ ಪೊಲೀಸರು ಮುಂದುವರಿಯಬಾರದು, ಸುಮ್ಮನೆ ಬಂಧಿಸಬಾರದು ಎಂದು 2005ರ ತೀರ್ಪು ವಿಧಿಸಿದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು, ಚಿಕಿತ್ಸೆ ನಡೆಸುವಾಗ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗಿನ ಶಿಕ್ಷೆಯನ್ನು ಹೇಳುತ್ತದೆ.

ಕಲ್ಲಿನ ದಾರಿಯ ಬಗ್ಗೆ ಒಂದೇ ಮಾತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ಗಾದೆ. ವೈದ್ಯರ ಮೇಲಿನ ಹಲ್ಲೆ 2009ರ ರಾಜ್ಯ ಕಾಯಿದೆಯಂತೆ ಅಪರಾಧ. ನೊಂದವರೇ ಆರೋಪಿಗಳಾಗಿ ನಿಲ್ಲುತ್ತಾರೆ, ಅವರ ಮೂಲದ ಅಳಲು ಮಾತ್ರ ಹಿಂದೆಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಹಾನಿ ಬೇರೊಂದಿದೆ. ಪೆಟ್ಟಿಗೆ ಹೆದರಿದ ಸಣ್ಣ ಊರಿನ ವೈದ್ಯರು, ಕಷ್ಟದ ಹೆರಿಗೆಯೊಂದು ನಡುರಾತ್ರಿ ಬಂದಾಗ, ‘ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದುಬಿಡುತ್ತಾರೆ. ಆ ದಾರಿಯ ನಡುವೆ ಹೋಗುವ ಜೀವದ ಲೆಕ್ಕವನ್ನು ಯಾವ ದಾಖಲೆಯಲ್ಲಿಯೂ ಬರೆಯುವುದಿಲ್ಲ.

ಕೈಗುಣದಲ್ಲಿ ನನಗೆ ಈಗಲೂ ನಂಬಿಕೆಯಿದೆ. ಒಳ್ಳೆಯ ವೈದ್ಯರ ಕೈ ಮುಟ್ಟಿದೊಡನೆ ಅರ್ಧ ನೋವು ಇಳಿಯುವುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಆದರೆ ಗುಣವುಳ್ಳ ಕೈಗೆ ತಪ್ಪುವ ಸಂಭವವೂ ಇದೆಯೆಂದು ಒಪ್ಪಿದರೆ, ಆ ಕೈಗೆ ನಾವು ಅಗೌರವ ತೋರಿದಂತಾಗುವುದಿಲ್ಲ. ಏನಾಯಿತೆಂದು ಕೇಳುವ ಹಕ್ಕು ರೋಗಿಗಿದೆ. ಹೇಳುವ ಹೊಣೆ ವೈದ್ಯರಿಗಿದೆ. ನಿಮ್ಮ ಮನೆಯಲ್ಲಿರುವ ಹಳೆಯ ಚಿಕಿತ್ಸೆಯ ಚೀಟಿಗಳನ್ನು ಇಂದೇ ಹುಡುಕಿ, ತಾರೀಖಿನ ಕ್ರಮದಲ್ಲಿ ಜೋಡಿಸಿ ಒಂದು ಕಡತ ಮಾಡಿಡಿ. ಅದು ವ್ಯಾಜ್ಯಕ್ಕೆ ಬೇಕಾಗದೆಯೇ ಹೋಗಲಿ ಎಂದು ಹಾರೈಸುತ್ತೇನೆ. ಮುಂದಿನ ವೈದ್ಯರಿಗಂತೂ ಅದು ಬೇಕಾಗಿಯೇ ಆಗುತ್ತದೆ.

(ಬಾನುಲಿ ಭಾಷಣ)